ಅರ್ಧ ಕಾಡಿನ ಕಾವಲು

“ಈಗ ಎಲ್ರೂ ಕಣ್ಣು ಮುಚ್ಕೊಳಿ. ಕಾಡನ್ನ ಬರೀ ಕಿವೀಲಿ ಕೇಳಿ,” ಎಂದ ಗೈಡ್ ಕನಕರಾಜು. ಹಂಗಳದಾಚೆಯ ಕಾಡಂಚಿಗೆ, ಮರಗಳ ನಡುವೆ ಕೂತು ಮನಸ್ಸು ಹಗುರಾಗಿಸಿಕೊಳ್ಳುವ ಅರಣ್ಯಸ್ನಾನಕ್ಕೆಂದು ಬಂದಿದ್ದ ಎಂಟು ಜನರಲ್ಲಿ ಏಳು ಜನ ಮುಚ್ಚಿದರು. ಚಾಮರಾಜನಗರದ ನರ್ಸ್ ಶಿವರಂಜಿನಿ ಮಾತ್ರ ಮುಚ್ಚಲಿಲ್ಲ. ಹನ್ನೊಂದು ವರ್ಷ ಐಸಿಯು ಮಾನಿಟರ್ ಕಾದ ಕಣ್ಣು ಅದು. ಯಾರೋ ಹೇಳಿದರೆಂದು ಮುಚ್ಚುವುದು ಅದಕ್ಕೆ ಬಾರದು.

ಆನೆ ಬಂದೀತೆಂದು ಕಾವಲಿಗೆ ನಿಂತಿದ್ದ ಹಂಗಳದ ಪುಟ್ಟಸಿದ್ದಮ್ಮ ಹತ್ತಿರ ಬಂದಳು. “ಯಾಕವ್ವ, ಮುಚ್ನಿಲ್ವಾ?”

“ಆಗ್ತಿಲ್ಲಮ್ಮ. ನಿಮ್ಗೆ ಕಾಡಲ್ಲಿ ಕಣ್ಣು ಮುಚ್ಚೋಕಾಗುತ್ತಾ?”

“ನಲವತ್ತು ವರ್ಸದಿಂದ ಒಂದ್ಸಲಾನೂ ಮುಚ್ನಿಲ್ಲ,” ಎನ್ನುತ್ತ ಆಕೆ ಶಿವರಂಜಿನಿಯ ಹಿಂದೆ ಕುಳಿತು, ಬೆನ್ನಿಗೆ ಬೆನ್ನು ಕೊಟ್ಟಳು. “ಸೌದೆಗೆ ಬಂದಾಗ ಸುಸ್ತಾದ್ರೆ ನಾವು ಇಂಗೇ ಕೂರದು. ಇತ್ಲಾಗಿನ ಕಾಡ ನಾನ್ ನೋಡ್ಕತೀನಿ, ಅತ್ಲಾಗಿಂದು ನೀನ್ ನೋಡ್ಕೊ. ಅರ್ಧ ನೋಡುದ್ರೆ ಸಾಕು ಕಣವ್ವ.”

ಅರ್ಧ ಸಾಕು ಎಂದು ಈವರೆಗೆ ಶಿವರಂಜಿನಿಗೆ ಯಾರೂ ಹೇಳಿರಲಿಲ್ಲ. ಬೆನ್ನಿಗೆ ತಾಗಿದ ಸೀರೆಯಿಂದ ಒಲೆಹೊಗೆಯ ವಾಸನೆ ಬರುತ್ತಿತ್ತು. ಶಿವರಂಜಿನಿಯ ಹೆಗಲು ಮೆಲ್ಲಗೆ ಇಳಿಯಿತು.

ಹತ್ತು ನಿಮಿಷ ಕಳೆದ ಮೇಲೆ ಎಲ್ಲರನ್ನೂ ಎಚ್ಚರಿಸಲು ಕನಕರಾಜು ಪುಟ್ಟ ಗಂಟೆಯನ್ನು ಎತ್ತಿಕೊಂಡು ಇವರ ಕಡೆ ತಿರುಗಿದ. ನರ್ಸಿನ ತಲೆ ನಿದ್ದೆಯಲ್ಲಿ ಎದೆಗೆ ವಾಲಿತ್ತು. ಅವಳ ಬೆನ್ನಿಗೆ ಒರಗಿದ್ದ ಪುಟ್ಟಸಿದ್ದಮ್ಮ ಬಾಯಿ ತೆರೆದುಕೊಂಡು ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಅವನು ಗಂಟೆಯ ನಾಲಿಗೆಯನ್ನು ಬೆರಳಲ್ಲಿ ಬಿಗಿಹಿಡಿದು, ಕಾಡಿನ ಕಡೆ ಮುಖ ಮಾಡಿ ನಿಂತುಕೊಂಡ.