ಸ್ಪೀಕರ್ ಎದ್ದಾಗ

“ಲೋ, ಯಾರ ಅನ್ನ ತಿಂದು ಗೇಣಿದಾರರ ಪರ ಮಾತಾಡ್ತಿದ್ದೀಯೋ? ಇಳಿಯೋ ಕೆಳಗೆ!” ಕಾಲೇಜಿನ ಅಣಕು ಸಂಸತ್ತಿನಲ್ಲಿ ಗೇಣಿ ಮಸೂದೆಯ ಮೇಲೆ ಮಾತಾಡುತ್ತಿದ್ದ ಮಗ ಚನ್ನಕೇಶವನ ಮೇಲೆ, ಪ್ರೇಕ್ಷಕರ ಸಾಲಿನಿಂದೆದ್ದು ತೊಂಡೇಬಾವಿಯ ಜಮೀನ್ದಾರ ನರಸಿಂಹಪ್ಪ ಅಬ್ಬರಿಸಿದ.

ಆ ದನಿ ಕೇಳಿದ್ದೇ ತಡ, ಸ್ಪೀಕರ್ ಕುರ್ಚಿಯಲ್ಲಿದ್ದ ಪಿಳ್ಳಪ್ಪ ದಡಕ್ಕನೆ ಎದ್ದು ನಿಂತ. ಅವನ ಅಪ್ಪ, ತಾತ ಆ ಮನೆಯ ಹೊಲ ಉತ್ತವರು. ಒಡೆಯರೆದುರು ಕೂತು ಗೊತ್ತಿಲ್ಲದ ಕಾಲುಗಳು ತಾವಾಗಿಯೇ ಎದ್ದಿದ್ದವು. ಥೂ, ಎಂದು ತನ್ನ ಮೇಲೆ ತಾನೇ ಉರಿದುಹೋದ.

ಆದರೆ ಸ್ಪೀಕರ್ ಎದ್ದರೆ ಸದನವೆಲ್ಲ ಕೂರಬೇಕು, ಅದು ಸಂಸತ್ತಿನ ನಿಯಮ. ಚನ್ನಕೇಶವ ಕೂತ. ಪ್ರಧಾನಿ ಕೂತ, ವಿರೋಧ ಪಕ್ಷದವರೆಲ್ಲ ಕೂತರು. ಎದುರಿಗೆ ನಿಂತಿದ್ದವನು ನರಸಿಂಹಪ್ಪ ಒಬ್ಬನೇ.

ಪಿಳ್ಳಪ್ಪ ಅವನತ್ತ ತಿರುಗಿದ. “ಸ್ಪೀಕರ್ ನಿಂತಿದ್ದೀನಿ ಅಯ್ಯನೋರೇ, ನೀವೂ ಕೂತ್ಕೊಳಿ.”

ನರಸಿಂಹಪ್ಪ ಸುತ್ತ ನೋಡಿ ಕೂತ. ಬೆಂಚುಗಳು ಗುಡುಗಿದವು. ಪಿಳ್ಳಪ್ಪ ಇನ್ನೂ ನಿಂತೇ ಇದ್ದ, ಈಗ ಬೇಕೆಂದೇ.