ಕ್ಯಾಲೆಂಡರಿನ ಬೆನ್ನ ಮೇಲಿನ ಅಕ್ಷರಗಳು

ಹೊಸ ಕ್ಯಾಲೆಂಡರಿನ ಸುರುಳಿ ಬಿಚ್ಚಿದಾಗ ಬರುವ ಶಾಯಿಯ ವಾಸನೆ ನನ್ನನ್ನು ಈಗಲೂ ಯಲಹಂಕದ ಆ ಮಧ್ಯಾಹ್ನಕ್ಕೆ ಎಳೆದೊಯ್ಯುತ್ತದೆ.

ಲಕ್ವ ಹೊಡೆದ ಚಿಕ್ಕಪ್ಪನ ಮೈಯಲ್ಲಿ ಆಡುತ್ತಿದ್ದದ್ದು ಕಣ್ಣು ಮಾತ್ರ. ಚಿಕ್ಕಮ್ಮ ಹಳೆಯ ಕ್ಯಾಲೆಂಡರಿನ ಹಿಂದೆ ಇದ್ದಿಲಿನಿಂದ ಅಕ್ಷರಮಾಲೆ ಬರೆದು, ಒಂದೊಂದರ ಮೇಲೂ ಬೆರಳಿಡುತ್ತಿದ್ದಳು. ಬೇಕಾದ ಅಕ್ಷರ ಬಂದಾಗ ಅವರು ಕಣ್ಣು ಮುಚ್ಚಬೇಕು.

“ಕಣ್ಣು ಎಲ್ಲರೂ ಮಿಟುಕಿಸ್ತಾರೆ ಚಿಕ್ಕಮ್ಮ. ಮಾತು ಜೋಡಿಸೋದು ನೀವೇ,” ಎಂದೆ. ಶಾಲೆಯ ಚರ್ಚೆಯಲ್ಲಿ ಬಹುಮಾನ ಗೆದ್ದ ಹೊಸತು. “ಪರೀಕ್ಷೆ ಮಾಡೋಣ.”

ಅವಳನ್ನು ಜಗಲಿಗೆ ಕಳಿಸಿ, ಚಿಕ್ಕಪ್ಪನಿಗೆ ನನ್ನ ಗಾಜಿನ ಬಳೆ ತೋರಿಸಿದೆ. ಅವಳು ಒಳಗೆ ಬಂದು ಬೆರಳಾಡಿಸಿದಳು. ‘ನ’ದ ಮೇಲೆ ಅವರ ಕಣ್ಣು ಮುಚ್ಚಿತು, ಆಮೇಲೆ ‘ರ’ದ ಮೇಲೆ.

“ನೀರು,” ಎಂದಳು ಚಿಕ್ಕಮ್ಮ.

“ಸೋತ್ರಿ. ನಾನು ತೋರಿಸಿದ್ದು ಬಳೆ.”

ಬಾಗಿಲಲ್ಲಿ ನಿಂತು ನೋಡುತ್ತಿದ್ದ ತಾತ ನಕ್ಕರು. “ಹುಡುಗಿ ಹೇಳೋದು ಸರಿ ಕಣಮ್ಮ. ಸುಮ್ನೆ ಅವನ್ನ ಯಾಕ್ ಗೋಳು ಹುಯ್ಕೊತೀಯ?”

ಚಿಕ್ಕಮ್ಮ ಕ್ಯಾಲೆಂಡರನ್ನು ಸುತ್ತಿ ಅಟ್ಟಕ್ಕೆ ಹಾಕಿ ಅಡುಗೆಮನೆಗೆ ಹೋದಳು.

ವಾದ ಮಾಡಿ ಗಂಟಲು ಒಣಗಿತ್ತು. ಮಂಚದ ಪಕ್ಕದ ಹೂಜಿಯಿಂದ ಎರಡು ಲೋಟ ನೀರು ಬಗ್ಗಿಸಿಕೊಂಡು ಕುಡಿದೆ. ಚಿಕ್ಕಪ್ಪ ಲೋಟವನ್ನೇ ನೋಡುತ್ತ ಕಣ್ಣು ಮುಚ್ಚಿ ತೆರೆಯುತ್ತಲೇ ಇದ್ದರು.