ನಿರ್ದೇಶಕರ ಹೆಸರು

ಚನ್ನಕೇಶವಯ್ಯನವರು ನಿರ್ದೇಶಕರಾಗಿ ಮೂರು ದಿನ ಕಳೆದರೂ ಇಲಾಖೆಯ ವೆಬ್‌ಸೈಟಿನಲ್ಲಿ ಹಳಬರ ಹೆಸರೇ ಇತ್ತು. ಅವರಿಗೆ ಊಟ ಸೇರಲಿಲ್ಲ. ಪ್ರೋಗ್ರಾಮರ್ ಭುವನಾಳನ್ನು ಕರೆಸಿದರು.

“ಹೆಸರು ಇನ್ನೂ ಯಾಕಮ್ಮ ಬದಲಾಗಿಲ್ಲ?”

“ಸಚಿವಾಲಯದವರು ಬದಲಾಯಿಸ್ತಾನೇ ಇರ್ತಾರೆ ಸರ್. ಆದ್ರೆ ನಮ್ಮ ಸರ್ವರ್ ಶುರುವಾಗುವಾಗ ಒಂದೇ ಸಲ ಅದನ್ನ ಓದ್ಕೊಂಡು, ಎಲ್ಲ ಪುಟಕ್ಕೂ ಅದನ್ನೇ ಕೊಡುತ್ತೆ. ನಿಲ್ಲಿಸಿ ಮತ್ತೆ ಶುರು ಮಾಡಿದ್ರೆ ಹೊಸದು ಬರುತ್ತೆ.”

“ಮಾಡಮ್ಮ ಮತ್ತೆ!”

“ಹಾಸ್ಟೆಲ್ ಅರ್ಜಿಗೆ ಇವತ್ತೇ ಕೊನೇ ದಿನ ಸರ್. ಎರಡು ಸಾವಿರ ಮಕ್ಕಳು ಈಗ ತುಂಬ್ತಾ ಇದಾರೆ. ಅರ್ಧ ತುಂಬಿದ್ದೆಲ್ಲ ಅಳಿಸಿಹೋಗುತ್ತೆ. ಸಂಜೆವರೆಗೆ ಕಾಯೋಣ.”

“ಇನ್ನೊಂದ್ಸಲ ತುಂಬ್ಲಿ ಬಿಡಮ್ಮ, ಮಕ್ಕಳ ಕೈಬರಹ ಸುಧಾರಿಸುತ್ತೆ.”

ಭುವನಾ ತುಟಿ ಕಚ್ಚಿಕೊಂಡು ಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡಿದಳು. ಪಕ್ಕದ ಕೋಣೆಯಲ್ಲಿ ಸಹಾಯವಾಣಿಯ ಫೋನುಗಳೆಲ್ಲ ಒಟ್ಟಿಗೇ ಬಡಿದುಕೊಳ್ಳತೊಡಗಿದವು. ಅದಕ್ಕೆ ಕಿವಿಗೊಡದೆ ನಿರ್ದೇಶಕರು ಕನ್ನಡಕ ಒರೆಸಿಕೊಂಡು ಪರದೆಯತ್ತ ಬಾಗಿದರು. ಹಳಬರ ಹೆಸರು ಹೋಗಿತ್ತು.

“ಈ ಶಕುಂತಲಾ ಬಿದರಿ ಯಾರಮ್ಮ?”

“ಇವತ್ತು ಬೆಳಿಗ್ಗೆ ಸಚಿವಾಲಯದವರು ಹಾಕಿರೋ ಹೊಸ ನಿರ್ದೇಶಕರು ಸರ್.”